ಸೀರೆಯ ಅಂಚಿಗೆ ಪೆಟ್ರೋಲ್ ವಾಸನೆ

ಅರವತ್ನಾಲ್ಕು ರೂಪಾಯಿ. ಎರಡು ಅಡಿ ಪೆಟ್ರೋಲ್ ಪೈಪಿಗೆ ನಲವತ್ನಾಲ್ಕು, ನಾಲ್ಕು ಕ್ಲಿಪ್ಪಿಗೆ ಇಪ್ಪತ್ತು. ಕಳೆದ ವಾರ ರಾಣೆಬೆನ್ನೂರಿನಲ್ಲಿ ಕೊಟ್ಟು ಬಂದೆ. ಒಂದು ರೂಪಾಯಿಯೂ ಕಡಿಮೆಯಾಗಲಿಲ್ಲ.

ನನ್ನನ್ನು ಬಲ್ಲ ಓದುಗರು ಇಷ್ಟಕ್ಕೇ ಹುಬ್ಬೇರಿಸಿರುತ್ತೀರಿ. ಸೈಕಲ್ ಮೇಲೆ ಖಾಲಿ ಗೋಣಿಚೀಲ ಹೇರಿಕೊಂಡು ವ್ಯಾಪಾರ ಶುರು ಮಾಡಿದವನು ನಾನು. ಹಲ್ಲಿನ ಡಾಕ್ಟರ ಹತ್ತಿರವೂ ಚೌಕಾಸಿ ಮಾಡಿದ್ದೇನೆ. (ಎರಡು ಕೀಳಿಸಿದರೆ ಎಷ್ಟು ಬಿಡುತ್ತೀರಿ ಎಂದು ಕೇಳಿದೆ. ಅವರು ನಕ್ಕರು, ಬಿಡಲಿಲ್ಲ.) ಅಂಥವನು ಬಾಯಿ ಮುಚ್ಚಿಕೊಂಡು ಪೂರ್ತಿ ದುಡ್ಡು ಕೊಟ್ಟಿದ್ದು ಯಾಕೆ?

ನನ್ನದು ಹದಿನಾರು ವರ್ಷ ಹಳೆಯ ಟೂ ಸ್ಟ್ರೋಕ್ ಬೈಕು. ಎರಡು ವರ್ಷದ ಹಿಂದೆ ಟ್ಯಾಂಕಿನಿಂದ ಕಾರ್ಬುರೇಟರಿಗೆ ಬರುವ ಪೈಪು ಬಿರುಕು ಬಿಟ್ಟಿತ್ತು. ಆಗಷ್ಟೇ ಮನೆ ಕಟ್ಟಿಸಿದ್ದೆ. ಗೌಂಡಿಗಳು ಗೋಡೆಗೆ ನೀರಿನ ಮಟ್ಟ ನೋಡುತ್ತಾರಲ್ಲ, ಆ ಗಾಜಿನಂಥ ಲೆವೆಲ್ ಪೈಪು ಒಂದು ತುಂಡು ಉಳಿದಿತ್ತು. ಅದನ್ನೇ ಅಳತೆಗೆ ಕೊಯ್ದು ಗಾಡಿಗೆ ಹಾಕಿದೆ. ಕ್ಲಿಪ್ಪಿನ ಬದಲು ಬೈಂಡಿಂಗ್ ವೈರು ಸುತ್ತಿ ಇಕ್ಕಳದಿಂದ ತಿರುವಿದೆ. ಖರ್ಚು ಸೊನ್ನೆ. ಮೇಲಾಗಿ ಪೆಟ್ರೋಲ್ ಹರಿಯುವುದು ಕಣ್ಣಿಗೆ ಕಾಣುತ್ತದೆ! ಗಾಡಿ ಮಾಡಿದವರಿಗೇ ಈ ಬುದ್ಧಿ ಹೊಳೆಯಲಿಲ್ಲವಲ್ಲ ಎಂದು ಬೀಗಿದ್ದೆ. ಮೂವರಿಗೆ ಉಪದೇಶವನ್ನೂ ಮಾಡಿದ್ದೆ. ಒಬ್ಬರು ಕರ್ಜಗಿಯವರು, ಇಬ್ಬರು ಗುತ್ತಲದವರು. ಇದನ್ನು ಓದುತ್ತಿದ್ದರೆ ದಯವಿಟ್ಟು ಇವತ್ತೇ ಆ ಪೈಪು ಕಿತ್ತು ಎಸೆಯಿರಿ.

ತಿಂಗಳ ಹಿಂದೆ ನಮ್ಮ ಮನೆಯಾಕೆ ಶುರು ಮಾಡಿದಳು.

“ರೀ, ಸೀರಿ ಅಂಚಿಗೆ ಪೆಟ್ರೋಲ್ ವಾಸನಿ ಬರಾಕತ್ತೈತಿ ನೋಡ್ರಿ.”

“ಬಂಕಿನ್ಯಾಗ ನಿಂತಿದ್ವಲ್ಲ, ಅದ ಇರಬೇಕು.”

ನಾಲ್ಕು ದಿನ ಬಿಟ್ಟು ಮತ್ತೆ. “ಇವತ್ತ ಬಂಕಿಗೆ ಹೋಗೇ ಇಲ್ಲಲ್ರಿ. ಈಗೂ ಬರ್ತೈತಿ.”

“ಹಂಗಾರ ನಿನ್ನ ಮೂಗು ಯಾರಿಗರ ತೋರಸು.”

ಯಾಕೆ ನಂಬಲಿಲ್ಲ? ಮೂವತ್ತು ವರ್ಷದ ವ್ಯಾಪಾರ ನನಗೆ ಕಲಿಸಿದ ಒಂದು ಪಾಠವಿದೆ. ಎದುರಿನವನು ಹುಳುಕು ತೆಗೆದನೆಂದರೆ ರೇಟು ಇಳಿಸಲು ಹೊರಟಿದ್ದಾನೆ ಎಂದೇ ಅರ್ಥ. ಚೀಲ ಹಿಡಿದು ‘ಇದು ಭಾಳ ತೆಳ್ಳಗೈತಿ’ ಎಂದವನಿಗೆ ಚೀಲದ ಚಿಂತೆ ಇರುವುದಿಲ್ಲ. ಅದೇ ಕಿವಿಯಲ್ಲಿ ಹೆಂಡತಿಯ ಮಾತನ್ನೂ ಕೇಳಿದೆ. ಪಕ್ಕದ ಮನೆಯವರು ಹೊಸ ಫೋರ್ ಸ್ಟ್ರೋಕ್ ತಂದಿದ್ದರು. ಈಕೆ ಹೊಸ ಗಾಡಿಗೆ ಪೀಠಿಕೆ ಹಾಕುತ್ತಿದ್ದಾಳೆ ಎಂದುಕೊಂಡೆ.

ಕಳೆದ ವಾರ ರಾಣೆಬೆನ್ನೂರಿನಲ್ಲಿ ಆಕೆಯ ತಂಗಿಯ ಮಗಳ ಕುಬಸ, ಅಂದರೆ ಸೀಮಂತ. ಹಾವೇರಿಯಿಂದ ಬೆಳಿಗ್ಗೆ ಗಾಡಿಯಲ್ಲೇ ಹೊರಟೆವು. ದಾರಿಯಲ್ಲಿ ಬ್ಯಾಡಗಿಗೆ ತಿರುಗಿದೆ, ಮೆಣಸಿನಕಾಯಿ ವ್ಯಾಪಾರಿಯೊಬ್ಬರಿಗೆ ಚೀಲದ ಮಾದರಿ ತೋರಿಸುವುದಿತ್ತು. ಅವರ ಅಂಗಡಿಯ ಮುಂದೆ ಹತ್ತಾರು ಹೆಂಗಸರು ಕೆಂಪು ರಾಶಿಯ ಸುತ್ತ ಕುಳಿತು ತೊಟ್ಟು ಬಿಡಿಸುತ್ತಿದ್ದರು. ನಾನು ಒಳಗೆ ಹೋದೆ. ಈಕೆ ಅವರ ಹತ್ತಿರ ನಿಂತಳು.

ಹೊರಗೆ ಬರುವಷ್ಟರಲ್ಲಿ ಫಕೀರವ್ವ ಎಂಬ ಐವತ್ತರ ಹೆಂಗಸು ನಮ್ಮಾಕೆಯ ಸೀರೆಯ ಅಂಚನ್ನು ಕೈಯಲ್ಲಿ ಹಿಡಿದು ಮೂಸುತ್ತಿದ್ದಳು.

“ತಂಗೀ, ಇದು ಪೆಟ್ರೋಲ್ ಅಲ್ಲೇನ?”

ಇಷ್ಟು ಘಾಟಿನಲ್ಲಿ ನಿನಗೆ ಅದು ಹೇಗೆ ಗೊತ್ತಾಯಿತು ಎಂದು ನಾನು ಕೇಳಿದೆ. (ನಾನಾಗಲೇ ಏಳು ಸಲ ಸೀನಿದ್ದೆ.)

“ಮೆಣಸಿನಕಾಯಿ ವಾಸನಿ ನಮಗ ವಾಸನಿ ಅಲ್ಲರೀ ಅಣ್ಣಾರ. ಅದನ್ನ ಬಿಟ್ಟು ಏನ ಬಂದ್ರೂ ತಿಳೀತೈತಿ. ಮತ್ತ ನೆಲದ ಮ್ಯಾಲ ಕುಂತೋರ ಮೂಗು ಇರೂದ ನಿಂತೋರ ಸೀರಿ ಅಂಚಿನ ಮಟ್ಟಕ್ಕ.” ಆಮೇಲೆ ಈಕೆಯ ಕಡೆ ತಿರುಗಿದಳು. “ಎಲ್ಲಿಗೆ ಹೊಂಟೀರಿ?”

“ಕುಬಸಕ್ಕ.”

“ಈ ಸೀರಿ ಉಟ್ಕೊಂಡು ಆರತಿ ಹಿಡೀತೀಯೇನ ತಂಗಿ?”

ಗಾಡಿಯ ಹತ್ತಿರ ಹೋಗಿ ಬಗ್ಗಿದೆ. ಲೆವೆಲ್ ಪೈಪು ಹಳದಿಗಟ್ಟಿ, ಕುಗ್ಗಿ, ಒಣಗಿದ ಕಡ್ಡಿಯಂತೆ ಬಿರುಸಾಗಿತ್ತು. ತಂತಿ ಅದರೊಳಗೆ ಕೊರೆದುಕೊಂಡು ಇಳಿದಿತ್ತು. ಆ ಸೀಳಿನಿಂದ ಹನಿ, ಹನಿ. ಈ ಪೈಪು ಸಿಕ್ಕಿಸುವ ಪೆಟ್ರೋಲ್ ಕಾಕ್ (ಪೆಟ್ರೋಲ್ ಬಿಡುವ ತಿರುಗಣಿ) ಇರುವುದು ಎಡಕ್ಕೆ. ನಮ್ಮ ಹೆಣ್ಣುಮಕ್ಕಳು ಕಾಲು ಇಳಿಬಿಟ್ಟು ಕೂರುವುದೂ ಎಡಕ್ಕೆ. ಗಾಡಿ ಓಡುವಾಗ ಗಾಳಿಗೆ ಹಾರಿದ ಹನಿ ಹೋಗಿ ಬೀಳುವುದು ಎಲ್ಲಿಗೆ? ಅದರಲ್ಲೂ ಟೂ ಸ್ಟ್ರೋಕಿನ ಟ್ಯಾಂಕಿಗೆ ಆಯಿಲ್ ಬೆರೆಸಿರುತ್ತೇವೆ. ಪೆಟ್ರೋಲ್ ಆರಿದರೂ ಆಯಿಲ್ ಬಟ್ಟೆಯಲ್ಲೇ ಕೂರುತ್ತದೆ.

ಫಕೀರವ್ವ ಆಗಲೇ ಎದ್ದು, ಸೆರಗು ಜಾಡಿಸಿ, ಹಿಂದಿನ ಓಣಿಯ ತನ್ನ ಮನೆಗೆ ಈಕೆಯನ್ನು ಕರೆದುಕೊಂಡು ಹೋಗಿದ್ದಳು. ತಿರುಗಿ ಬಂದಾಗ ಈಕೆಯ ಮೈಮೇಲೆ ಫಕೀರವ್ವನ ಇಳಕಲ್ ಸೀರೆ. ಹಬ್ಬಕ್ಕೆಂದು ಮಡಿಸಿ ಇಟ್ಟಿದ್ದಂತೆ.

“ಗಾಡಿ ಇಲ್ಲೇ ಬಿಟ್ಟು ಬಸ್ಸಿಗೆ ಹೋಗ್ರಿ. ಆ ಬೀಡಿ ಸೇದೋ ಹಮಾಲರಿಗೆ ದೂರ ನಿಂದ್ರಾಕ ಹೇಳ್ತೀನಿ.”

ಕಾಕ್ ಬಂದ್ ಮಾಡಿದೆ. ಗಾಡಿಯನ್ನು ತಳ್ಳಿ ಗೋಡೆಯ ನೆರಳಿಗೆ ನಿಲ್ಲಿಸಿದೆ. ಬಸ್ಸಿಗೆ ಹೋದೆವು.

ಕುಬಸದ ಮನೆಯಲ್ಲಿ ಐದು ಜನ ಹೆಂಗಸರು ಆರತಿ ತಟ್ಟೆ ಹಿಡಿದು ಬಾಗಿದರು. ನಡುವೆ ನಮ್ಮಾಕೆ. ತುಪ್ಪದ ದೀಪ ಆಕೆಯ ನೆರಿಗೆಯಿಂದ ಒಂದು ಗೇಣು ದೂರದಲ್ಲಿ ಉರಿಯುತ್ತಿತ್ತು. ಉಳಿದವರು ಹಾಡಿನ ಕಡೆ ಲಕ್ಷ್ಯ ಕೊಟ್ಟರು. ನಾನು ಆ ಗೇಣನ್ನೇ ನೋಡುತ್ತಾ ಕುಳಿತೆ.

ಊಟ ಮುಗಿಸಿ ನೇರ ಇಮಾಮಸಾಬರ ಸ್ಪೇರ್ ಪಾರ್ಟ್ಸ್ ಅಂಗಡಿಗೆ ನಡೆದೆ. ಅವರು ಒಂದು ಕರಿ ಪೈಪು ತೆಗೆದು ಮುಂದಿಟ್ಟರು. ಬುದ್ಧಿ ಬಂದಿದ್ದರೂ ಚಟ ಹೋಗಬೇಕಲ್ಲ? ಪೈಪನ್ನು ಬಗ್ಗಿಸಿ, ಮುಖ ಸಿಂಡರಿಸಿ, “ಸ್ವಲ್ಪ ಬಿರುಸೈತಿ ಅನಸ್ತೈತಿ” ಎಂದೆ. ಎರಡು ರೂಪಾಯಿ ಇಳಿಸಲು ಹಾಕಿದ ಮಾತು ಅದು.

ಇಮಾಮಸಾಬ್ ಪೈಪನ್ನು ನನ್ನ ಕೈಯಿಂದ ತೆಗೆದುಕೊಂಡು ತಾವೂ ಬಗ್ಗಿಸಿ ನೋಡಿದರು.

“ಖರೇ ಐತಿ ನೋಡ್ರಿ. ಮುಂದಿನ ಕಪಾಟಿನ್ಯಾಗ ಇಟ್ಟಿದ್ದೆ, ಬಿಸಲಿಗೆ ಹಿಂಗಾಗೇತಿ. ಇದು ಬ್ಯಾಡ.”

ಅದನ್ನು ಕಸದ ಡಬ್ಬಿಗೆ ಹಾಕಿ, ಒಳಗಿನಿಂದ ಹೊಸ ಸುರುಳಿ ತಂದು ಎರಡು ಅಡಿ ಕತ್ತರಿಸಿದರು. ಒಬ್ಬ ಅಂಗಡಿಕಾರ ನನ್ನ ಚೌಕಾಸಿಯನ್ನು ದೂರು ಎಂದು ತಿಳಿದು ಪರೀಕ್ಷೆ ಮಾಡಿದ. ನಾನು ನನ್ನ ಮನೆಯಾಕೆಯ ದೂರನ್ನು ಚೌಕಾಸಿ ಎಂದು ತಿಳಿದು ತಿಂಗಳು ಕಳೆದೆ. ಇನ್ನು ಯಾವ ಮುಖದಿಂದ ರೇಟು ಇಳಿಸಲಿ?

ಸಂಜೆ ಬ್ಯಾಡಗಿಗೆ ಬಂದು ಪೈಪು ಹಾಕಿಸಿದೆ. ಮರುದಿನ ಒಗೆದು ಇಸ್ತ್ರಿ ಮಾಡಿದ ಸೀರೆಯ ಮೇಲೆ ನೂರರ ನೋಟು ಇಟ್ಟು ಫಕೀರವ್ವನಿಗೆ ಕೊಡಲು ನಾವಿಬ್ಬರೂ ಹೋದೆವು.

“ಸೀರಿ ಬಾಡಿಗಿಗೆ ಕೊಟ್ಟಿಲ್ಲರೀ ನಾನು” ಎಂದು ನೋಟನ್ನು ಹಿಂದಕ್ಕೆ ತಳ್ಳಿದಳು. ನಮ್ಮಾಕೆ ಕಟ್ಟಿಕೊಂಡು ಬಂದಿದ್ದ ಹೋಳಿಗೆಯನ್ನು ಮಾತ್ರ ಎರಡೂ ಕೈಯಿಂದ ಇಸಿದುಕೊಂಡು, ಪಕ್ಕದವರಿಗೆ ಅಲ್ಲೇ ಹರಿದು ಹಂಚಿದಳು. ಆ ಕೈಗಳಿಗೆ ನಾನು ಋಣಿ. ಅದು ತೀರುವಂಥದ್ದಲ್ಲ, ತೀರಿಸುವ ಆಸೆಯೂ ನನಗಿಲ್ಲ.

ಈಗ ನಿಮ್ಮ ಗಾಡಿಯ ಮಾತು. ಹಳೆಯ ಗಾಡಿ ಇದ್ದವರು ಪೈಪು ತರಲು ಹೋಗುವಾಗ ಹಳೆಯ ತುಂಡನ್ನು ಜೇಬಿನಲ್ಲಿಟ್ಟುಕೊಳ್ಳಿ, ಒಳಗಿನ ರಂಧ್ರದ ಅಳತೆ ಕಣ್ಣಂದಾಜಿಗೆ ಸಿಗುವುದಿಲ್ಲ. ಪೆಟ್ರೋಲಿಗೆಂದೇ ಮಾಡಿದ ರಬ್ಬರಿನದ್ದನ್ನೇ ಕೇಳಿ. ನೀರಿನ ಪೈಪು ನೀರಿಗೆ. ಬಗ್ಗಿಸಿದಾಗ ಸಣ್ಣ ಗೆರೆ ಕಂಡರೂ ಬೇಡ. ಎಳೆದು ಕೂಡಿಸುವಷ್ಟು ಗಿಡ್ಡ ಬೇಡ, ಇಂಜಿನ್ನಿಗೆ ತಾಗುವಷ್ಟು ಉದ್ದವೂ ಬೇಡ. ಕ್ಲಿಪ್ಪು ಎರಡೂ ತುದಿಗೆ ಹೊಸದೇ ಇರಲಿ. ಸ್ಕ್ರೂ ಇದ್ದರೆ ಕೈಬಲದಲ್ಲಿ ಬಿಗಿಯಾದಷ್ಟು ಸಾಕು, ರಬ್ಬರು ಉಬ್ಬಿತೆಂದರೆ ನೀವೇ ಅದನ್ನು ಕೊಯ್ಯುತ್ತಿದ್ದೀರಿ. ಇನ್ನೆರಡು ಕ್ಲಿಪ್ಪು ಟೂಲ್ ಬಾಕ್ಸಿನಲ್ಲಿರಲಿ. ಹಾಕಿದ ಮೇಲೆ ಕಾಕ್ ತೆರೆದು, ಕೆಳಗೆ ಒಂದು ಹಳೇ ಪೇಪರ್ ಹಾಸಿ, ಚಹಾ ಕುಡಿದು ಬನ್ನಿ. ಪೇಪರ್ ಒಣಗಿದ್ದರೆ ಮಾತ್ರ ಹೊರಡಿ.

ಅದಕ್ಕೂ ಮೊದಲು, ಹಿಂದಿನ ಸೀಟಿನಲ್ಲಿ ಕೂರುವವರನ್ನು ಏನಾದರೂ ವಾಸನೆ ಬರುತ್ತಿದೆಯೇ ಎಂದು ಒಮ್ಮೆ ಕೇಳಿ. ಹೌದು ಎಂದರೆ, ವಾದ ಮಾಡಬೇಡಿ.