ಬಣ್ಣ ಆರದ ಕಪಾಟುಗಳು

ನಿಪ್ಪಾಣಿಯಲ್ಲಿ ಬೆಳಿಗ್ಗೆ ಏಳರ ಬಸ್ಸು ಹತ್ತಿದಾಗ ಜಿಟಿಜಿಟಿ ಮಳೆ. ಚಿಕ್ಕೋಡಿಯಲ್ಲಿ ಬಸ್ಸು ಬದಲಿಸಿ, ಕಬ್ಬೂರ ದಾಟಿ ಒಂದು ಸಣ್ಣ ಊರಿನಲ್ಲಿ ಇಳಿದೆ. ಅಲ್ಲಿನ ವಾಚನಾಲಯಕ್ಕೆ ಅಂದು ನೂರು ವರ್ಷ ತುಂಬಿತ್ತು. ಊರಿನ ಹೆಸರು ಹಾಕಬೇಡಿ ಎಂದು ಅಲ್ಲಿಯವರು ಕೇಳಿಕೊಂಡಿದ್ದಾರೆ.

ಸಮಾರಂಭದ ಜೊತೆ ಪರಿಶೀಲನೆಯೂ ಇತ್ತು. ಓದುಗರು ಕಡಿಮೆಯಾಗಿದ್ದರು. ವಾಚನಾಲಯವನ್ನು ಉಳಿಸಬೇಕೇ, ಮುಚ್ಚಿ ಪುಸ್ತಕಗಳನ್ನು ಚಿಕ್ಕೋಡಿಗೆ ಒಯ್ಯಬೇಕೇ ಎಂಬುದನ್ನು ಅಂದು ಬರುವ ಅಧಿಕಾರಿ ತೀರ್ಮಾನಿಸುವವರಿದ್ದರು.

ಬಾಗಿಲಲ್ಲೇ ಎಣ್ಣೆಬಣ್ಣದ ವಾಸನೆ ಬಂತು. ಕನ್ನಡ, ಮರಾಠಿ ಎರಡನ್ನೂ ಇಲ್ಲೇ ಕೂತು ಓದಿ ಬೆಳೆದ ದ್ರಾಕ್ಷಿ ಬೆಳೆಗಾರ ಬಾಳಪ್ಪನವರು, ಸಾಹೇಬರಿಗೆ ಚೆನ್ನಾಗಿ ಕಾಣಲೆಂದು ಹಳೆಯ ಮರದ ಕಪಾಟುಗಳಿಗೆ ಹಸಿರು ಬಣ್ಣ ಹೊಡೆಸಿದ್ದರು. ಮಳೆಗೆ ಬಣ್ಣ ಆರಿರಲಿಲ್ಲ. ಆದರೂ ಮುಂಜಾನೆಯೇ ಹಳೆಯ ಪುಸ್ತಕಗಳನ್ನೆಲ್ಲ ಒತ್ತಾಗಿ ಜೋಡಿಸಿದ್ದರು. ಹೊಸ ಪುಸ್ತಕಗಳು ಮಾತ್ರ ಕಬ್ಬಿಣದ ರ‍್ಯಾಕಿನಲ್ಲಿದ್ದವು.

"ಹಸಿ ಐತಿ ಕಾಕಾ ಅಂದ್ರೂ ಕೇಳಲಿಲ್ರಿ," ಎಂದು ಗ್ರಂಥಪಾಲಕಿ ಅಕ್ಕಾತಾಯಿ ನನ್ನ ಹತ್ತಿರ ದೂರಿದರು.

ಉಪ್ಪಿಟ್ಟು, ಶಿರಾ ಆಯಿತು. ಭಾಷಣಗಳೂ ಮುಗಿದವು. ಅಧಿಕಾರಿ ಕಪಾಟಿನಿಂದ ಒಂದು ಪುಸ್ತಕ ಎಳೆದರು. ಬರಲಿಲ್ಲ. ಜೋರಾಗಿ ಎಳೆದಾಗ ಪುಟಗಳು ಕೈಗೆ ಬಂದವು. ರಟ್ಟು ಹಸಿ ಬಣ್ಣಕ್ಕೆ ಅಂಟಿ ಅಲ್ಲೇ ಉಳಿಯಿತು. ಅಕ್ಕಾತಾಯಿ ಪಕ್ಕದ್ದನ್ನು ಮೆಲ್ಲಗೆ ಅಲುಗಾಡಿಸಿ ನೋಡಿ, ಕೈ ಹಿಂದಕ್ಕೆ ತೆಗೆದುಕೊಂಡರು.

ಅಧಿಕಾರಿ ಬೈಯಲಿಲ್ಲ. ಇನ್ನು ಇಲ್ಲಿಡುವುದು ಸರಿಯಲ್ಲ, ಕಪಾಟು ಸಮೇತ ಚಿಕ್ಕೋಡಿಗೆ ಒಯ್ಯೋಣ ಎಂದರು.

"ಕಪಾಟ ಬಾಗಿಲದಾಗ ಹಿಡಿಸೂದಿಲ್ರಿ ಸಾಹೇಬ್ರ," ಎಂದರು ಅಕ್ಕಾತಾಯಿ. "ಇಲ್ಲೇ ಒಳಗ ಕುಂತ ಮಾಡಿದ್ದ ಅವು."

ಅಲ್ಲಿಯವರೆಗೆ ತಲೆ ತಗ್ಗಿಸಿ ನಿಂತಿದ್ದ ಬಾಳಪ್ಪನವರ ಮುಖ ಅರಳಿತು. "ನೋಡ ಬೇ ಅಕ್ಕಾತಾಯಿ, ನನಗ ಬೈತಿದ್ದಿ. ಈಗ ಬಣ್ಣನ ವಾಚನಾಲಯ ಉಳಿಸಾಕತ್ತೈತಿ."

ಎಲ್ಲರೂ ನಕ್ಕರು. ಅಧಿಕಾರಿಯೂ ನಕ್ಕರು. ಆಮೇಲೆ ರ‍್ಯಾಕಿನ ಹೊಸ ಪುಸ್ತಕಗಳನ್ನಷ್ಟೇ ಕಳಿಸಿ, ಹಳೆಯವನ್ನು ಇದ್ದಲ್ಲೇ ಬಿಟ್ಟು ಕಟ್ಟಡಕ್ಕೆ ಬೀಗ ಹಾಕುವಂತೆ ಹೇಳಿ ಜೀಪು ಹತ್ತಿದರು.

ಮಧ್ಯಾಹ್ನದ ಬಸ್ಸಿಗೆ ನಾನು ಹೊರಟಾಗ ಮಳೆ ನಿಂತಿರಲಿಲ್ಲ. ಹೊಸ ಪುಸ್ತಕಗಳನ್ನು ಗೋಣಿಚೀಲಕ್ಕೆ ತುಂಬುತ್ತಿದ್ದರು. ಅಕ್ಕಾತಾಯಿ ಬೀಗ ಹಿಡಿದು ಹೊಸ್ತಿಲಲ್ಲಿ ಕಾಯುತ್ತಿದ್ದರು. ಒಳಗೆ ಬಾಳಪ್ಪನವರು ಕಪಾಟಿನ ಮುಂದೆ ಕೈ ಹಿಂದೆ ಕಟ್ಟಿಕೊಂಡು ನಿಂತು, ಪುಸ್ತಕಗಳ ಬೆನ್ನ ಮೇಲಿನ ಹೆಸರುಗಳನ್ನು ಒಂದೊಂದಾಗಿ ಗಟ್ಟಿಯಾಗಿ ಓದುತ್ತಿದ್ದರು. ಕನ್ನಡದವು ಮುಗಿದು ಮರಾಠಿಯವು ಶುರುವಾಗಿದ್ದವು.