ಅತ್ತೆಯ ಹಣೆಯ ಹಿಂದೆ

ಹಾಲು ಸೀದ ವಾಸನೆ ನನಗೆ ಬೀದಿಯ ತಿರುವಿನಲ್ಲೇ ಬಡಿಯಿತು. ಯಾರ ಮನೆಯದೋ ಅಂದುಕೊಂಡು ಬಂದರೆ ನಮ್ಮದೇ. ಅಡುಗೆಮನೆ ತುಂಬ ಹೊಗೆ, ಪಾತ್ರೆಯ ತಳ ಕರ್ರಗಾಗಿದೆ, ಒಲೆಯ ಪಕ್ಕದಲ್ಲೇ ಅತ್ತೆ ಕಾಲು ಚಾಚಿ ಕೂತು ಅವರೆಕಾಯಿ ಸುಲಿಯುತ್ತಿದ್ದಾರೆ.

"ವಾಸ್ನೆ ಬರ್ಲಿಲ್ವಾ ಅತ್ತೆ?"

"ಏನ್ ವಾಸ್ನೆ ಕಣ್ಣು?" ಎಂದು ತಲೆಯೆತ್ತಿದರು; ಮುದ್ದಿಗೆ ನನ್ನನ್ನು ಕಣ್ಣು ಎಂದೇ ಕರೆಯುತ್ತಿದ್ದರು. ಹೊಗೆಗೆ ಅವರ ಕಣ್ಣಲ್ಲಿ ನೀರು ಸುರಿಯುತ್ತಿತ್ತು.

ನೆಗಡಿ ಇರಬೇಕು ಅಂದುಕೊಂಡೆ. ಕೆಲವು ವಾರಗಳ ಮೇಲೆ ಅವರ ಮಂಚದ ಕೆಳಗೆ ಇಲಿ ಸತ್ತು ಮನೆಯೆಲ್ಲ ನಾರಿತು. ಅವರು ಅದರ ಮೇಲೆಯೇ ನೆಮ್ಮದಿಯಾಗಿ ಮಲಗಿ ಎದ್ದಿದ್ದರು. ವಯಸ್ಸಾಯಿತು ಅಂದೆವು. ಮೂಗಿನ ವಿಷಯಕ್ಕೆ ಯಾರು ಹೆದರುತ್ತಾರೆ?

ತೊಂಬತ್ತರ ದಶಕದ ಕೊನೆಯ ವರ್ಷಗಳವು. ತಮಿಳುನಾಡಿನ ಉತ್ತಮಪಾಳಯಂನಲ್ಲಿ ನಮ್ಮ ಮನೆ, ಮನೆಯೊಳಗೆ ಮಾತು ಕನ್ನಡ. ನನ್ನ ಗಂಡ ಬಾಳೆಕಾಯಿ ವ್ಯಾಪಾರಿ, ನಾನು ಹೆಣ್ಣುಮಕ್ಕಳ ಶಾಲೆಯಲ್ಲಿ ವಿಜ್ಞಾನದ ಟೀಚರ್. ಅತ್ತೆ ನನಗೆ ಹುಟ್ಟಿನಿಂದಲೇ ಅತ್ತೆ, ನನ್ನ ಅಪ್ಪನ ಅಕ್ಕ. ಅಪ್ಪನ ಎದುರು ಕೂತು "ನಿನ್ನ ಮಗಳನ್ನ ನನಗೆ ಕೊಟ್ಬುಡು" ಎಂದು ಅವರೇ ಕೇಳಿ ತಂದುಕೊಂಡಿದ್ದರು. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ಎರಡು ಮಕ್ಕಳನ್ನು ಬೆಳೆಸಿದವರು. ಮಾತು ಕಡಿಮೆ, ಆಡಿದರೆ ತೂಕದ ಮಾತು. ನಮ್ಮ ಜನರಲ್ಲಿ ಜಗಳ ಬಿದ್ದರೆ, ಸಾವಾದರೆ, ಮೊದಲು ಅವರನ್ನೇ ಕರೆಯುತ್ತಿದ್ದರು. ಎದೆ ಬಡಿದುಕೊಂಡು ಅಳುವ ಹೆಂಗಸಿನ ಪಕ್ಕ ಹೋಗಿ ಕೂತು, ಏನೂ ಹೇಳದೆ ಬೆನ್ನ ಮೇಲೆ ಕೈಯಿಟ್ಟರೆ ಅಳು ತಾನಾಗಿ ತಗ್ಗುತ್ತಿತ್ತು.

ಅಂಥವರು ನಿಧಾನವಾಗಿ ಮಂಕಾದರು. ತಲೆ ಬಾಚಿಕೊಳ್ಳುತ್ತಿರಲಿಲ್ಲ. ಸ್ನಾನಕ್ಕೆ ಹೇಳಿದರೆ "ಓಗ್ತೀನಿ" ಅಂದು ಮಧ್ಯಾಹ್ನದವರೆಗೂ ಅಲ್ಲೇ ಕೂತಿರುತ್ತಿದ್ದರು. ಸುಮ್ಮನೆ ನಗುತ್ತಿದ್ದರು. ಆ ನಗು ನನಗೆ ಹಿಡಿಸುತ್ತಿರಲಿಲ್ಲ, ಯಾರೋ ಬಾಡಿಗೆಗೆ ಬಂದು ಅವರ ಮುಖದಲ್ಲಿ ಕೂತ ಹಾಗಿತ್ತು.

ಆ ಬೇಸಿಗೆಯಲ್ಲಿ ತೇವಾರಂನಲ್ಲಿ ಅವರ ಚಿಕ್ಕಪ್ಪನ ಮಗ ತೀರಿಕೊಂಡರು. ನಾವು ಮೂವರೂ ಬಸ್ಸಿನಲ್ಲಿ ಹೋದೆವು. ಹೆಣವನ್ನು ಅಂಗಳದ ಚಪ್ಪರದಡಿ ಮಲಗಿಸಿದ್ದರು, ಹೆಂಡತಿ ತಲೆಯ ಹತ್ತಿರ ಕೂತು ಅಳುತ್ತಿದ್ದಳು. ಅತ್ತೆ ಬಂದರೆಂದು ಹೆಂಗಸರು ಜಾಗ ಬಿಟ್ಟರು. ಅವಳು ಅತ್ತೆಯ ಕಾಲು ಹಿಡಿದು ಇನ್ನೂ ಜೋರಾಗಿ ಅತ್ತಳು. ಬೆನ್ನ ಮೇಲೆ ಕೈಯಿಡುತ್ತಾರೆಂದು ಎಲ್ಲರೂ ನೋಡುತ್ತಿದ್ದೆವು.

ಅತ್ತೆ ನಕ್ಕರು. "ಸಾಕು ಸುಮ್ನಿರು. ಇದ್ದಾಗ ಅವನಿಗೆ ಒಂದು ಲೋಟ ನೀರು ಕೊಡ್ಲಿಲ್ಲೆ, ಕೊಟ್ಟಿಗೆಲಿ ಮಲಗಿಸ್ದೆ. ಈಗ ಏನ್ ಒಪ್ಪಾರಿ?" ಎಂದರು. ಒಪ್ಪಾರಿ ಎಂದರೆ ಸತ್ತವರ ಗುಣಗಳನ್ನು ಹಾಡಿ ಅಳುವುದು. ಚಪ್ಪರದಡಿ ಎಲ್ಲರ ಅಳುವೂ ಒಮ್ಮೆಗೇ ನಿಂತಿತು. ಆ ಮೌನದಲ್ಲಿ ಅತ್ತೆ ನನ್ನ ಕಡೆ ತಿರುಗಿ, "ಸಾಪ್ಪಾಡು ಯಾವಾಗ ಆಕ್ತಾರೆ, ಕೇಳು" ಎಂದು ಊಟ ವಿಚಾರಿಸಿದರು.

ನನ್ನ ಗಂಡ ಅವರ ರಟ್ಟೆ ಹಿಡಿದು ಹೊರಗೆ ಕರೆತಂದರು. ವಾಪಸು ಬರುವಾಗ ಅತ್ತೆ ಬಸ್ಸಿನ ಕಿಟಕಿಗೆ ತಲೆಯೊರಗಿಸಿ ಮಗುವಿನ ಹಾಗೆ ನಿದ್ದೆ ಹೋದರು.

ಆಮೇಲೆ ಮನೆಗೆ ಬರುವವರು ಕಡಿಮೆಯಾದರು. ದೆವ್ವ ಎಂದರು ಕೆಲವರು. ಹತ್ತಿರದ ಡಾಕ್ಟರು ವಯಸ್ಸು ಎಂದು ಸತ್ವದ ಮಾತ್ರೆ ಬರೆದುಕೊಟ್ಟರು. ನಾದಿನಿಯನ್ನು ದಿಂಡಿಗಲ್ಲಿಗೆ ಕೊಟ್ಟಿತ್ತು. ಸುದ್ದಿ ಕೇಳಿ ಬಂದವಳು ತಾಯಿಯನ್ನು ನೋಡಿ, ಹಿತ್ತಲಲ್ಲಿ ನನ್ನನ್ನು ಅಡ್ಡಗಟ್ಟಿ ನಿಂತಳು.

"ಅಮ್ಮಂಗೆ ಏನ್ ಆಕಿದ್ದೀಯ ಅತ್ಗೆ?"

"ಏನ್ ಆಕೋದು?"

"ಊರೆಲ್ಲ ಏಳ್ತಾರೆ, ಸೊಸೆ ಅನ್ನದಾಗೆ ಮದ್ದು ಇಟ್ಟವ್ಳೆ ಅಂತ."

ಅಂದಿನಿಂದ ಅತ್ತೆಗೆ ಬಡಿಸುವಾಗ ಅದೇ ಅನ್ನದಿಂದ ನಾನೂ ಒಂದು ತುತ್ತು ಎಲ್ಲರೆದುರು ತಿನ್ನತೊಡಗಿದೆ.

ಶಾಲೆಯಲ್ಲಿ ಆಗ ಮೆದುಳಿನ ಪಾಠ. ಬಿಚ್ಚಿ ಜೋಡಿಸಬಹುದಾದ ಪ್ಲಾಸ್ಟರ್ ಮಾದರಿಯೊಂದು ನಮ್ಮಲ್ಲಿತ್ತು. ಒಂದೊಂದೇ ಭಾಗ ತೆಗೆದು ಮೇಜಿನ ಮೇಲಿಡುತ್ತ ಹೇಳುತ್ತಿದ್ದೆ. ಇದು ಕುತ್ತಿಗೆಯ ಹತ್ತಿರದ ಕಾಂಡ, ನಾವು ಮರೆತರೂ ಉಸಿರನ್ನೂ ಎದೆಬಡಿತವನ್ನೂ ನಡೆಸುತ್ತದೆ. ಅದರ ಹಿಂದೆ ಕಿರುಮೆದುಳು, ಬೀಳದಂತೆ ನಡೆಸುತ್ತದೆ. ಮೇಲೆ ಕವುಚಿರುವ ದೊಡ್ಡ ಮೆದುಳಿನ ಹಿಂಬದಿ ನೋಡುತ್ತದೆ, ಕಿವಿಗಳ ಪಕ್ಕದಲ್ಲಿರುವ ಮೆದುಳಿನ ಭಾಗಗಳು, ಅಂದರೆ ಹಾಲೆಗಳು, ಕೇಳುತ್ತವೆ, ನೆನಪಿಡುತ್ತವೆ. ಹಣೆಯ ಹಿಂದಿನ ಹಾಲೆ ಯೋಚಿಸುತ್ತದೆ, ಯಾವುದನ್ನು ಮಾಡಬೇಕು, ಯಾವುದನ್ನು ಮಾಡಬಾರದು ಎಂದು ತಡೆಯುತ್ತದೆ.

ಮುಂದಿನ ಬೆಂಚಿನ ಹುಡುಗಿ ಕೇಳಿದಳು, "ಆ ಭಾಗ ಕೆಟ್ರೆ ಮನುಷ್ಯ ಸಾಯ್ತಾನಾ ಟೀಚರ್?"

"ಇಲ್ಲ. ಬದುಕಿರ್ತಾನೆ" ಎಂದೆ. ಕೈಯಲ್ಲಿದ್ದ ಆ ಹಾಲೆಯನ್ನು ತಿರುಗಿಸಿದೆ. ಅದರ ಅಡಿಗೆ ಅಂಟಿಕೊಂಡು ಎರಡು ಹಳದಿ ಎಳೆಗಳಿದ್ದವು, ಮೂಗಿನಿಂದ ವಾಸನೆ ತರುವ ನರಗಳು. ವರ್ಷ ವರ್ಷವೂ ನಾನೇ ತೋರಿಸುತ್ತಿದ್ದ ಎಳೆಗಳು. ಮೊದಲು ಮೂಗು, ಆಮೇಲೆ ನಗು. ಎರಡೂ ಅಕ್ಕಪಕ್ಕದ ಮನೆಗಳು.

ಸಂಜೆ ಗಂಡನಿಗೆ ಹೇಳಿದೆ. "ನಮ್ಮಮ್ಮ ನಿನ್ನ ಪಾಠದ ಗೊಂಬೆಯಾ?" ಎಂದು ಸಿಡುಕಿದರು. ಅವರಿಗೂ ಭಯವಿತ್ತು, ಅದನ್ನು ಕೋಪದಲ್ಲಿ ಮುಚ್ಚುತ್ತಿದ್ದರು.

ಅವರು ಒಪ್ಪಿದ್ದು ಮುಂದಿನ ತಿಂಗಳು. ಕಂಬಂನ ವ್ಯಾಪಾರಿಗಳು ಬಂದು ಜಗಲಿಯಲ್ಲಿ ಕೂತಿದ್ದರು. ಅತ್ತೆ ಒಳಗಿನಿಂದ ಬಂದು, ಅವರೆದುರೇ ಅಂಗಳದ ನಡುವೆ ಸೀರೆಯೆತ್ತಿ ಕೂತು ಉಚ್ಚೆ ಹೊಯ್ದರು. ಹೊಯ್ಯುತ್ತಲೇ ಒಬ್ಬರನ್ನು "ಮಳೆ ಎಂಗೈತೆ ನಿಮ್ಮ ಕಡೆ?" ಎಂದು ವಿಚಾರಿಸಿದರು. ಆತ ಎದ್ದು ಗೋಡೆಯ ಕಡೆ ತಿರುಗಿ ನಿಂತ. ನನ್ನ ಗಂಡ ಒಳಗೆ ಬಂದು, ಬಾಗಿಲ ಚೌಕಟ್ಟು ಹಿಡಿದುಕೊಂಡು, "ಎಲ್ಲಿಗೆ ಕರ್ಕೊಂಡು ಓಗಣ, ಏಳು" ಎಂದರು.

ಮದುರೈಗೆ ಹೋದೆವು. ನಾದಿನಿಯೂ ಬಂದಳು, ನನ್ನ ಮೇಲೆ ಕಣ್ಣಿಡಲು. ಮೆದುಳಿನ ಡಾಕ್ಟರು ಅತ್ತೆಯನ್ನು ಗೆರೆಯ ಮೇಲೆ ನಡೆಸಿದರು, ನೆಟ್ಟಗೆ ನಡೆದರು. ಬೆರಳಿನಿಂದ ಮೂಗು ಮುಟ್ಟಿಸಿದರು, ಮುಟ್ಟಿದರು. ಪೆನ್ನು, ಬೀಗ, ಬಾಚಣಿಗೆ ತೋರಿಸಿದರು, ಎಲ್ಲದರ ಹೆಸರನ್ನೂ ಹೇಳಿದರು. ನಾದಿನಿ ನನ್ನ ಕಡೆ ಗೆದ್ದವಳಂತೆ ನೋಡಿದಳು. ಆಗ ಡಾಕ್ಟರು ಅತ್ತೆಯ ಕಣ್ಣು ಮುಚ್ಚಿಸಿ, ಮೂಗಿನ ಕೆಳಗೆ ಕಾಫಿಪುಡಿ ಹಿಡಿದರು.

"ಏನದು ಅಮ್ಮ?"

"ಏನೂ ಇಲ್ಲೆ."

ಇಂಗು ಹಿಡಿದರು. ಅದೂ ಏನೂ ಅಲ್ಲ. ಪುಟ್ಟ ದೀಪದಿಂದ ಕಣ್ಣೊಳಗೆ ಬಹಳ ಹೊತ್ತು ನೋಡಿ, ಡಾಕ್ಟರು ಮುಖದ ನಗು ಕಳೆದು ಸ್ಕ್ಯಾನಿಗೆ ಬರೆದರು.

ಸ್ಕ್ಯಾನಿನ ಫಿಲ್ಮಿನಲ್ಲಿ, ಹಣೆಯ ಹಿಂದೆ, ನಿಂಬೆಹಣ್ಣಿಗಿಂತ ದೊಡ್ಡದಾದ ಬೆಳ್ಳನೆಯ ಉಂಡೆಯಿತ್ತು. ಮೆದುಳಿನ ಹೊದಿಕೆಯಲ್ಲಿ ಹುಟ್ಟಿದ ಗಡ್ಡೆ, ಕ್ಯಾನ್ಸರ್ ಅಲ್ಲ, ಮೆಲ್ಲಗೆ ಬೆಳೆಯುವಂಥದು ಎಂದರು ಡಾಕ್ಟರು. ಮೊದಲು ವಾಸನೆಯ ನರಗಳನ್ನು ಅದುಮಿ, ಆಮೇಲೆ ಮುಂದಿನ ಹಾಲೆಗಳನ್ನು ಕೆಳಗಿನಿಂದ ಮೇಲಕ್ಕೆ ತಳ್ಳುತ್ತ ಬಂದಿದೆ.

"ಎಷ್ಟು ದಿನದಿಂದ?" ಎಂದು ನಾದಿನಿ ಕೇಳಿದಳು.

"ದಿನ ಅಲ್ಲಮ್ಮ. ಹತ್ತು ವರ್ಷವೂ ಇರಬಹುದು."

ಹತ್ತು ವರ್ಷ. ನನ್ನ ಮದುವೆಯಾಗಿ ಅಷ್ಟಾಗಿರಲಿಲ್ಲ. ನನ್ನನ್ನು ಕೇಳಿ ತಂದುಕೊಂಡದ್ದು ಅತ್ತೆಯೋ, ಅವರ ಹಣೆಯ ಹಿಂದೆ ಆಗಲೇ ಕೂತಿದ್ದ ಇದೋ? ನಾದಿನಿ ಫಿಲ್ಮಿನಿಂದ ಕಣ್ಣು ತೆಗೆಯದೆ ಕೈಚಾಚಿ ನನ್ನ ಕೈ ಹುಡುಕಿ ಹಿಡಿದಳು.

ಡಾಕ್ಟರು ಅತ್ತೆಗೆ ತಮಿಳಿನಲ್ಲಿ ಹೇಳಿದರು, ಮೂಳೈಯಲ್ಲಿ ಗಡ್ಡೆಯಿದೆ ಎಂದು. ತಮಿಳಿನ ಮೂಳೈ ಎಂದರೆ ಮೆದುಳು. ಅತ್ತೆ ನಮ್ಮ ಕಡೆ ತಿರುಗಿ ಕಣ್ಣು ಮಿಟುಕಿಸಿ, "ನಮ್ಮ ಮೂಳೆ ಆಗಿದ್ರೆ ಪುತ್ತೂರು ವೈದ್ಯರ ತಾವ ಕಟ್ಟು ಕಟ್ಟಿಸ್ಬೋದಾಗಿತ್ತು" ಎಂದು ಕಿಲಕಿಲ ನಕ್ಕರು. ನಾದಿನಿ ನಕ್ಕುಬಿಟ್ಟಳು. ನಗುತ್ತಲೇ ಸೆರಗನ್ನು ಬಾಯಿಗೆ ತುರುಕಿಕೊಂಡು ಅತ್ತಳು.

ಆಪರೇಷನ್ ಆಯಿತು. ತಲೆ ಬೋಳಿಸಿ, ಹಣೆಯ ಮೂಳೆ ತೆರೆದು ಗಡ್ಡೆ ತೆಗೆದರು. ಕೆಲವು ದಿನ ಅತ್ತೆ ಯಾರನ್ನೂ ಗುರುತಿಸದೆ ಸೂರು ನೋಡುತ್ತ ಮಲಗಿದ್ದರು. ಆಮೇಲೆ ಒಂದು ಬೆಳಿಗ್ಗೆ ನರ್ಸು ಹೊದಿಕೆ ಸರಿಸಿದಾಗ, ಕೈ ತಾನಾಗಿ ಬಂದು ಸೀರೆಯನ್ನು ಮೊಣಕಾಲಿನ ಕೆಳಗೆ ಎಳೆದುಕೊಂಡಿತು. ನಾಚಿಕೆ ವಾಪಸು ಬಂದಿತ್ತು. ನಾನು ವರಾಂಡಕ್ಕೆ ಓಡಿ ಗಂಡನಿಗೆ ಹೇಳಿದೆ.

ನಾಚಿಕೆಯ ಜೊತೆ ಏನು ಬರುತ್ತದೆಂದು ನಾವು ಯೋಚಿಸಿರಲಿಲ್ಲ. ಊರಿಗೆ ಬಂದ ಮೇಲೆ ಒಂದು ಮಧ್ಯಾಹ್ನ ಅತ್ತೆ ನನ್ನನ್ನು ಕರೆದು ಕೂರಿಸಿಕೊಂಡರು.

"ತೇವಾರದಾಗೆ ನಾನು ಅಂದದ್ದು ಎಲ್ಲಾರೂ ಕೇಳಿದ್ರಾ?"

"ನಿಮಗೆ ನೆನಪೈತಾ ಅತ್ತೆ?"

"ಎಲ್ಲಾ ನೆನಪೈತೆ. ಆಗ ತಪ್ಪು ಅನ್ನಿಸ್ಲಿಲ್ಲೆ, ಅಷ್ಟೇ." ಸೀರೆಯ ನೆರಿಗೆಯನ್ನು ಕಾಲಿನ ಮೇಲೆ ಎಳೆದುಕೊಂಡರು. "ಅಂಗಳದಾಗೆ ಕೂತದ್ದೂ ನೆನಪೈತೆ."

ಕೂದಲು ಸ್ವಲ್ಪ ಬೆಳೆದ ಮೇಲೆ, ತಲೆಗೆ ಸೆರಗು ಹೊದ್ದು, ತೇವಾರಂಗೆ ಹೋಗಬೇಕೆಂದು ಹಟ ಹಿಡಿದರು. ನಾನೇ ಕರೆದುಕೊಂಡು ಹೋದೆ. ಆ ವಿಧವೆ ಚಾಪೆ ಹಾಸಿದಳು, ನೀರು ಕೊಟ್ಟಳು, ಗಾಯದ ಗುರುತನ್ನು ನೋಡಿದಳು. ಅತ್ತೆ ಕೈಮುಗಿದು, "ನನ್ನ ಬಾಯಲ್ಲ ಅದು ತಾಯಿ, ಗಡ್ಡೆ. ಮನ್ಸಿನಾಗೆ ಇಟ್ಕೋಬ್ಯಾಡ" ಎಂದರು.

ಅವಳು ಕೋಪವಿಲ್ಲದೆ, ನಿಜವಾಗಿ ತಿಳಿಯಲೆಂದೇ ಕೇಳಿದಳು: "ಸರಿ ಅಕ್ಕ, ಗಡ್ಡೆ. ಕೊಟ್ಟಿಗೆಲಿ ಮಲಗಿಸಿದ್ದನ್ನ ಗಡ್ಡೆಗೆ ಯಾರು ಏಳಿದ್ದು?"

ಅತ್ತೆಯ ಮುಗಿದ ಕೈ ಹಾಗೇ ಇತ್ತು. ಗಡ್ಡೆ ತಡೆಯನ್ನು ಕೆಡವಿತ್ತು, ನಿಜ. ಮಾತು ಮಾತ್ರ ಅತ್ತೆಯದೇ. ವರ್ಷಗಟ್ಟಲೆ ಕಂಡು, ನುಂಗಿ, ಬೆನ್ನ ಮೇಲೆ ಕೈಯಿಡುತ್ತ ಒಳಗಿಟ್ಟುಕೊಂಡದ್ದು.

ಅತ್ತೆ ಅದಾದ ಮೇಲೆ ಬಹಳ ವರ್ಷ ಬದುಕಿದರು. ಗಡ್ಡೆ ಮತ್ತೆ ಬರಲಿಲ್ಲ, ವಾಸನೆಯೂ ಬರಲಿಲ್ಲ. ಹೊರಗಿನವರಿಗೆ ಅವರು ಮೊದಲಿನ ಹಾಗೆಯೇ, ಅಳೆದು ತೂಗಿ ಆಡುವ ಹಿರಿಯಳು. ಆದರೆ ಸಾವಿನ ಮನೆಗೆ ಅವರನ್ನು ಯಾರೂ ಮುಂದಾಗಿ ಕರೆಯಲಿಲ್ಲ. ಎದುರಾದ ಹೆಂಗಸರು ಮಾತಾಡುತ್ತ ಅವರ ಹಣೆಯನ್ನೇ ನೋಡುತ್ತಿದ್ದರು. ನನ್ನ ಬಗ್ಗೆ ಅವರು ಗಡ್ಡೆಯಿದ್ದ ಕಾಲದಲ್ಲಿ ಒಂದು ಕೆಟ್ಟ ಮಾತೂ ಆಡಿರಲಿಲ್ಲ. ಆಪರೇಷನ್ ಇನ್ನೊಂದು ತಿಂಗಳು ತಡವಾಗಿದ್ದರೆ ಆಡುತ್ತಿದ್ದರೋ ಏನೋ. ಒಂದೇ ಮನೆಯಲ್ಲಿ, ಒಂದೇ ಒಲೆಯ ಮುಂದೆ, ನನ್ನ ಬಗ್ಗೆ ಒಳಗೇನು ನುಂಗಿಟ್ಟಿದ್ದಾರೆಂದು ನಾನು ಕೇಳದೆ, ಅವರು ಹೇಳದೆ, ಅಡುಗೆ ಮಾಡಿದೆವು.