ಆಮೆಗೆ ಹಾಕಿದ ಬಲ್ಬು

ಅಪ್ಪನನ್ನು ಹಾಸನದ ಆಸ್ಪತ್ರೆಯಿಂದ ಹೊಳೆನರಸೀಪುರದ ಮನೆಗೆ ಕರೆತಂದ ದಿನವೇ ಆ ಆಮೆಯೂ ಬಂತು. ನಾವು ಅವರನ್ನು ಕಾರಿನಿಂದ ಇಳಿಸುವ ಗಡಿಬಿಡಿಯಲ್ಲಿದ್ದಾಗ, ಬೆನ್ನ ಮೇಲೆ ಹಳದಿ ಗೆರೆಗಳಿದ್ದ, ಅಂಗೈಯಗಲದ ನೆಲದಾಮೆಯೊಂದು ಹೊಸ್ತಿಲ ಬಳಿ ಕತ್ತೆತ್ತಿ ನಿಂತಿತ್ತು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಅಂದುಕೊಂಡೆ. ಅಮ್ಮ ಹಾಗಂದುಕೊಳ್ಳಲಿಲ್ಲ. ಅದನ್ನು ಎತ್ತಿ ತಂದು, ದೇವರ ಗೂಡಿನ ಕಡೆ ಮುಖಮಾಡಿ ಬಿಟ್ಟಳು. ಮನೆಗೆ ಬಂದ ಆಮೆ ಬಾಗಿಲ ಕಡೆ ತಿರುಗಿದರೆ ಇದ್ದದ್ದೂ ಹೊರಟುಹೋಗುತ್ತದೆ ಎಂಬುದು ಅಜ್ಜಿಯ ಕಾಲದಿಂದ ಬಂದ ನಂಬಿಕೆ.

ಅಪ್ಪ ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರು. ಅರ್ಧ ಊರನ್ನೇ ಬಿಸಿಲಲ್ಲಿ ಓಡಿಸಿದವರಿಗೆ ಲಕ್ವ ಹೊಡೆದು ಬಲಗೈ, ಬಲಗಾಲು ಸ್ವಾಧೀನ ತಪ್ಪಿದ್ದವು. ಮಾತೂ ತೊದಲುತ್ತಿತ್ತು. ನಡುಮನೆಯಲ್ಲೇ, ದೇವರ ಗೂಡಿನ ಎದುರಿಗೆ ಮಂಚ ಹಾಕಿದೆವು. ಆಮೆ ಮಂಚದ ಸುತ್ತ ಓಡಾಡಿಕೊಂಡಿತ್ತು. ಒಂದು ದಿನ ಅಪ್ಪನೂ ನನ್ನ ಹೆಗಲು ಹಿಡಿದು ಎದ್ದು ನಿಂತರು. ಅಮ್ಮನಿಗೆ ಅಷ್ಟೇ ಸಾಕಾಯಿತು.

"ಅದು ನಡ್ಯೋಗಂಟ ನಿಮ್ಮಪ್ಪಂಗೆ ಏನೂ ಆಗಾಕಿಲ್ಲ ಕಣೇ" ಅಂದುಬಿಟ್ಟಳು.

ನಗುತ್ತಲೇ ಹೇಳಿದಳು. ಅದು ನಿಂತರೆ ಏನು ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಧನುರ್ಮಾಸದ ಚಳಿ ಬಂತು. ಹೊಳೆಯ ಕಡೆಯಿಂದ ಎದ್ದ ಮಂಜು ಹೊತ್ತೇರಿದರೂ ಕರಗುತ್ತಿರಲಿಲ್ಲ. ಆಮೆ ತಲೆ ಒಳಗೆಳೆದುಕೊಂಡು ಮೂಲೆ ಸೇರಿತು, ಸೊಪ್ಪು ಮುಟ್ಟಲಿಲ್ಲ. ಅಪ್ಪನೂ ಚಳಿಗೆ ಮರಗಟ್ಟಿ, ಎಬ್ಬಿಸಿದರೂ ಏಳಲೊಲ್ಲರು. ಅಮ್ಮ ಅದನ್ನೊಮ್ಮೆ, ಅವರನ್ನೊಮ್ಮೆ ನೋಡುತ್ತಾ ಊಟ ಬಿಟ್ಟಳು. ಅಪ್ಪನನ್ನು ನೋಡಲು ಮಲ್ಲಿಪಟ್ಟಣದಿಂದ ಸೋದರಮಾವ ಬಂದ. ಕೋಳಿ ಫಾರಂ ಇಟ್ಟಿದ್ದವನು. ಆಮೆಯನ್ನು ಅಂಗಾತ ಮಾಡಿ ನೋಡಿದ.

"ಸತ್ತಿಲ್ಲ ಕಣಕ್ಕ, ಕಾವಿಲ್ದೆ ಮುದುರ್ಕಂಡದೆ. ಕೋಳಿಮರಿಗೆ ಆಕಲ್ವಾ, ಅಂಗೇ ಒಂದು ನೂರು ಕ್ಯಾಂಡಲ್ ಬಲ್ಬ್ ಇಳಿಬುಡು. ಮೈ ಕಾದ್ಮೇಲೆ ಆರ್ಸು, ಮರೀಬ್ಯಾಡ."

ತಾನೇ ತಗಡಿನ ಮುಚ್ಚಳ ಸಿಕ್ಕಿಸಿ, ದೇವರ ಗೂಡಿನ ಪಕ್ಕ ಬಲ್ಬು ತೂಗುಹಾಕಿ ಹೋದ. ಮಧ್ಯಾಹ್ನಕ್ಕೆ ಆಮೆ ಕತ್ತು ಚಾಚಿತು. ಸಂಜೆಗೆ ಹೀರೇಕಾಯಿ ಸಿಪ್ಪೆ ತಿಂದಿತು. ಆ ಸಂಜೆಯೇ ಅಪ್ಪ ಎದ್ದು ಕೂತು ಕಾಫಿ ಕೇಳಬೇಕೆ! ಅಮ್ಮ ಹೋಗಿ ಸ್ವಿಚ್ಚಿಗೆ ಅರಿಶಿನ ಕುಂಕುಮ ಇಟ್ಟಳು.

ಎಡವಟ್ಟಾದದ್ದೇ ಅಲ್ಲಿ. ದೇವರ ಮುಂದೆ ಹಚ್ಚಿದ್ದನ್ನು ಆರಿಸುವುದು ಹೇಗೆ? ನಮ್ಮ ಮನೆಯಲ್ಲಿ ಹಣತೆಯನ್ನೂ ಯಾರೂ ಆರಿಸುವಂತಿರಲಿಲ್ಲ, ಎಣ್ಣೆ ತೀರಿ ಅದೇ ಶಾಂತವಾಗಬೇಕಿತ್ತು. ನೂರು ಕ್ಯಾಂಡಲ್ ಬಲ್ಬಿಗೆ ಎಣ್ಣೆ ತೀರುವುದುಂಟೆ? ಹಗಲೂ ರಾತ್ರಿ ಉರಿಯಿತು. ಆಮೆಗೆ ಮಲಗುವ ಹೊತ್ತೇ ಇಲ್ಲವಾಯಿತು. ಗೋಡೆಗುಂಟ ಉಗುರು ಕೆರೆಯುತ್ತಾ ಸುತ್ತಿದ್ದೇ ಸುತ್ತಿದ್ದು. ಆ ಕರಕರ ಸದ್ದು ನನ್ನ ಕನಸಿನೊಳಗೂ ಬರುತ್ತಿತ್ತು. ಅದರ ಕಣ್ಣು ಊದಿಕೊಂಡವು, ಕತ್ತಿನ ಚರ್ಮ ಒಣಗಿ ಬಿರಿಯಿತು. ಮಂಚದ ಮೇಲೆ ಅಪ್ಪನ ಕಣ್ಣೂ ಕೆಂಡದಂತಾದವು. "ಎಷ್ಟು ಚುರುಕಾಗಿ ಅದೆ ನೋಡು" ಎಂದು ಅಮ್ಮ ಸಂಭ್ರಮಪಡುತ್ತಿದ್ದಳು. ನನಗೆ ಭಯವಾಗುತ್ತಿತ್ತು.

ಕರೆಂಟು ಹೋದರಂತೂ ಅಮ್ಮ ಅಡುಗೆಮನೆಗೆ ಓಡಿ, ಅಪ್ಪನ ಕೈಗೆ ಶಾಖ ಕೊಡುವ ರಬ್ಬರ್ ಚೀಲಕ್ಕೆ ಬಿಸಿನೀರು ತುಂಬಿ ತಂದು ಆಮೆಯ ಪಕ್ಕ ಇಡುತ್ತಿದ್ದಳು. ಅಪ್ಪ ಎಡಗೈಯಿಂದ ಬಲಗೈಯನ್ನು ಮುಂದಕ್ಕೆ ಸರಿಸಿಕೊಂಡು ಕಾಯುತ್ತಿದ್ದರು. ನನಗೆ ಸಿಟ್ಟು ನೆತ್ತಿಗೇರುತ್ತಿತ್ತು.

"ಶಾಖ ಯಾರಿಗಮ್ಮ ಬೇಕಾಗಿರೋದು?"

"ನಿಂಗೊತ್ತಾಗಾಕಿಲ್ಲ, ಸುಮ್ಕಿರು."

ಒಮ್ಮೆ ಅಪ್ಪನೇ ಬಾಯಿಬಿಟ್ಟರು: "ಅದ್ಕೂ ನಂಗೂ... ಚೂರು ಕತ್ಲೆ ಕೊಡೇ." ಅಮ್ಮ ಕೇಳಿಸದವಳಂತೆ ಚೀಲ ಎತ್ತಿಕೊಂಡು ಒಳಗೆ ಹೋದಳು.

ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಗ್ಗೆ ಅಮ್ಮನ ಕೂಗಿಗೆ ಎಚ್ಚರವಾಯಿತು. ಅಡುಗೆಮನೆಯಲ್ಲಿ ಲೈಟು ಉರಿಯುತ್ತಿತ್ತು, ನಡುಮನೆ ಮಾತ್ರ ಮಬ್ಬುಗತ್ತಲೆ. ಬಲ್ಬು ಆರಿತ್ತು. ಕರಕರ ಸದ್ದೂ ಇರಲಿಲ್ಲ. ಅಮ್ಮ ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂತು ಆಮೆಯನ್ನು ಎರಡೂ ಕೈಯಲ್ಲಿ ಹಿಡಿದು ಅಲುಗಿಸುತ್ತಿದ್ದಳು. ಅದರ ತಲೆ ಪೂರ್ತಿ ಒಳಗಿತ್ತು.

"ತಣ್ಣಗಾಗೋಗದೆ ಕಣೇ... ಓಯ್ತು, ಎಲ್ಲಾ ಓಯ್ತು."

ಅವಳು ಮಂಚದ ಕಡೆ ತಿರುಗಲೇ ಇಲ್ಲ. ತಿರುಗಲು ಹೆದರಿದ್ದಳು. ಅಪ್ಪ ಗೋಡೆ ಕಡೆ ಮುಖಮಾಡಿ ಮಲಗಿದ್ದರು, ಅಲುಗಾಟವಿರಲಿಲ್ಲ. ನಾನೇ ಹತ್ತಿರ ಹೋದೆ. ಅವರ ಬಲಗೈ ಬೆರಳ ತುದಿಗೆ ಸ್ವಿಚ್ಚಿನ ಕುಂಕುಮ ಮೆತ್ತಿತ್ತು. ಯಾರ ಆಸರೆಯೂ ಇಲ್ಲದೆ ಅಲ್ಲಿಯವರೆಗೆ ನಡೆದು, ಆ ಕೈಯನ್ನೇ ಎತ್ತಿ ಬಲ್ಬು ಆರಿಸಿ ಬಂದು ಮಲಗಿದ್ದರು. ಮುಟ್ಟಿದೆ. ಕಣ್ಣು ಬಿಟ್ಟರು.

"ಒಳ್ಳೆ ನಿದ್ದೆ ಮಗಾ" ಅಂದರು.

ಅಷ್ಟರಲ್ಲಿ ಅಮ್ಮನ ಕೈಬಿಸಿಗೆ ಆಮೆ ಒಂದು ಕಾಲು ಹೊರಗೆ ಹಾಕಿತು. "ಜೀವ ಅದೆ ರೀ! ಜೀವ ಅದೆ!" ಎಂದು ಕೂಗುತ್ತಾ ಅಮ್ಮ ಈ ಕಡೆ ತಿರುಗಿದಳು. ಅಪ್ಪ ಅವಳನ್ನೇ ನೋಡುತ್ತಿದ್ದರು.

"ನೀನು ಮೊದ್ಲು... ಅದನ್ನ ನೋಡ್ದೆ, ಅಲ್ವಾ?"

ಅಮ್ಮ ಆಮೆಯನ್ನು ನೆಲಕ್ಕಿಟ್ಟು ಬಂದು, ಅಪ್ಪನ ಕುಂಕುಮದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಆಮೆ ಬಾಗಿಲ ಕಡೆ ಮುಖಮಾಡಿ ಹೊರಟಿತ್ತು. ಅವಳು ನೋಡಿದಳು, ಆದರೆ ಅದನ್ನು ತಿರುಗಿಸಲು ಏಳಲಿಲ್ಲ.